ಖಾಲಿ ಗಾಡಿಯ ತೂಕ

ಲಿಂಗಸುಗೂರು ರಸ್ತೆಯ ಕಾಟಾದಲ್ಲಿ ನನ್ನ ನೌಕರಿ.
ಹತ್ತಿ ಲಾರಿ ಬರುತ್ತದೆ, ಕಬ್ಬಿಣದ ಹಲಗೆ ನರಳುತ್ತದೆ,
ಕೆಂಪು ಅಂಕಿಗಳು ಓಡಿ ಓಡಿ ಒಂದು ಕಡೆ ನಿಲ್ಲುತ್ತವೆ.
ತುಂಬಿದ ತೂಕ, ಖಾಲಿ ತೂಕ,
ನಡುವೆ ಉಳಿದದ್ದು ಮಾಲು.
ಚೀಟಿ ಹರಿದು ಕೊಟ್ಟು, ಮುಂದಿನ ಲಾರಿ ಬರುವ ತನಕ
ಗಲ್ಲಾಪೆಟ್ಟಿಗೆಯ ಅಡಿಯಿಂದ ಎಂಬಿಎ ತೆಗೆಯುತ್ತೇನೆ,
ಎರಡನೇ ಸೆಮಿಸ್ಟರು, ಅಂಚೆಯಲ್ಲಿ ಬಂದ ಪುಸ್ತಕ,
ಪುಟಪುಟಕ್ಕೂ ಹತ್ತಿಯ ಎಳೆ.

"ಈಗ್ಯಾವ ಪರೀಕ್ಷಿ ಮೇಡಂ?" ಮಾನ್ವಿಯ ಜಿಲಾನಿ ಕೇಳಿದ.
"ಧಂದಾ ಹೆಂಗ ಮಾಡಬೇಕು ಅಂತ ಓದಾಕತ್ತೀನಿ."
"ಧಂದಾ ಮಾಡೋರು ಎಲ್ಲಿ ಓದ್ಯಾರ ಬಿಡ್ರಿ" ಎಂದು ಗೇರ್ ಹಾಕಿದ.
ಆ ಮಾತಿಗೂ ತೂಕವಿತ್ತು. ಚೀಟಿ ಕೊಡಲಿಲ್ಲ.

ಪುಟ ನೂರಾ ಹನ್ನೆರಡರಲ್ಲಿ ಕೋಠಾವಾಲ ಸಮೂಹ.
ಉಪ್ಪು ಅವರದು. ಉಪ್ಪು ಹೊತ್ತ ಲಾರಿ ಅವರದು.
ಲಾರಿಯ ವಿಮೆ, ವಿಮೆ ಮುಗಿಯಿತೆಂದು ಬರುವ ಫೋನು,
ಫೋನು ಮಾಡಿದವಳು ಕೂತ ಕಟ್ಟಡದ ಸಿಮೆಂಟು.
ಒಂದು ಚಿತ್ರವಿದೆ: ಮೇಲೊಂದು ಡಬ್ಬಿ, ಕೆಳಗೆ ನಲವತ್ತು,
ನಮ್ಮ ಓಣಿಯ ಬೇವನ್ನು ತಲೆಕೆಳಗು ಹಿಡಿದ ಹಾಗೆ.
ಒಡವೆ ಅಂಗಡಿಯ ಗಾಜಿಗೆ ಮೂಗು ಒತ್ತಿದವಳಂತೆ
ಅದನ್ನೇ ನೋಡುತ್ತ ಕೂರುತ್ತೇನೆ. ನಾಚಿಕೆಯೇನಿಲ್ಲ.
ನೂರು ವರ್ಷ ಮುರಿಯದೆ ನಿಂತದ್ದು
ಈ ಊರಿನ ಕೋಟೆ ಬಿಟ್ಟರೆ ನಾನು ಬೇರೆ ಕಂಡಿಲ್ಲ;
ಕೋಟೆಗಾದರೂ ಲಾಭವೆಲ್ಲಿದೆ?

ಭಾನುವಾರ ತರಗತಿ. ಯಾವುದೋ ಪ್ರೌಢಶಾಲೆ,
ಎಂಟನೇ ಇಯತ್ತೆಯ ಬೆಂಚು, ಮೊಣಕಾಲು ಹಿಡಿಸುವುದಿಲ್ಲ.
ಶಕ್ತಿನಗರದ ಅಮರೇಶ ಬಾಯ್ಲರಿನ ರಾತ್ರಿಪಾಳಿ ಮುಗಿಸಿ ನೇರ ಬರುತ್ತಾನೆ,
ಹುಬ್ಬಿನಲ್ಲಿ ಬೂದಿ.
ಗ್ಯಾಸ್ ಏಜೆನ್ಸಿಯ ತಸ್ಲೀಮಾ ಮಗುವನ್ನು ಮಲಗಿಸಿ ಬರುವಷ್ಟರಲ್ಲಿ
ಬ್ಯಾಲೆನ್ಸ್ ಶೀಟು ಮುಗಿದಿರುತ್ತದೆ.
ಮಧ್ಯಾಹ್ನ ಒಂದೇ ಪೇಪರಿನಲ್ಲಿ ಮಂಡಾಳ ಒಗ್ಗರಣಿ,
ಖರ್ಚು ಮೂರು ಪಾಲು. ಮಿರ್ಚಿ ಮಾತ್ರ ಅವರವರದು.

ಅದೇ ಪಾಠದ ಕೊನೆಯಲ್ಲಿ, ಚಿಕ್ಕ ಅಕ್ಷರದಲ್ಲಿ:
ಮುಖ್ಯವಲ್ಲದ ವ್ಯವಹಾರಗಳಿಂದ ಸಮೂಹವು ಹಿಂದೆ ಸರಿಯಿತು,
ಸಾಬೂನು, ಛತ್ರಿ, ಖಾದ್ಯ ತೈಲ (ರಾಯಚೂರು).
ಕಂಸದೊಳಗೆ ನಮ್ಮೂರು.
ಪುಸ್ತಕದಲ್ಲಿ ಊರಿನ ಹೆಸರು ಕಂಡ ಖುಷಿಗೆ
ಒಂದು ಗಳಿಗೆ ಅರ್ಥವೇ ಆಗಲಿಲ್ಲ.

ಆ ಗಿರಣಿಯಲ್ಲಿ ನಮ್ಮವ್ವ ಹುಸೇನಮ್ಮ
ಹನ್ನೊಂದು ವರ್ಷ ಎಣ್ಣೆ ಡಬ್ಬಿಗೆ ಬೆಸುಗೆ ಹಾಕಿದಳು.
ಮುಚ್ಚಿದ ದಿನ ಎಲ್ಲರಿಗೂ ಒಂದೊಂದು ಸ್ಟೀಲಿನ ತಂಬಿಗೆ,
ತಳದಲ್ಲಿ ಕಂಪನಿಯ ಗುರುತು.
ನನಗಾಗ ಆರು ವರ್ಷ. ಬಹುಮಾನ ಎಂದುಕೊಂಡು
ಓಣಿಗೆಲ್ಲ ತೋರಿಸಿ ಬಂದೆ.

ಪರೀಕ್ಷೆಯಲ್ಲಿ ಅದೇ ಬಂತು, ಹದಿನೈದು ಅಂಕಕ್ಕೆ:
ಸಮೂಹದ ನಿರ್ಗಮನ ನಿರ್ಧಾರವನ್ನು ವಿಮರ್ಶಿಸಿ.
ವಿಮರ್ಶಿಸಿದೆ. ಹಾಕಿದ ಬಂಡವಾಳಕ್ಕೆ ಶೇಕಡಾ ಮೂರು,
ಯಂತ್ರ ಹಳೆಯವು, ತಾಳೆ ಎಣ್ಣೆ ಅಗ್ಗ,
ಉಳಿದ ಹಣ ಫೋನಿಗೆ ಹೋಯಿತು, ಫೋನು ಗೆದ್ದಿತು.
ಸರಿಯಾದ ನಿರ್ಧಾರ ಎಂದು ಬರೆದು
ಅಡಿಗೆರೆ ಎಳೆದೆ, ಸ್ಕೇಲು ಇಟ್ಟು.
ಸುಳ್ಳು ಬರೆಯಲಿಲ್ಲ. ಕಷ್ಟ ಇರುವುದೇ ಅಲ್ಲಿ.

ಹದಿಮೂರು ಕೊಟ್ಟರು.

ಅವ್ವ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಓದಿ ಹೇಳಿದೆ.
"ಮೂರಂದ್ರ, ನೂರಕ್ಕ ಮೂರಾ?"
"ಹೌದವ್ವ."
"ಹಂಗಾದ್ರ ಮುಚ್ಚಿದ್ದು ಸೈ ಬಿಡು."
ಸ್ವಲ್ಪ ಹೊತ್ತು ಕಲ್ಲು ಹುಡುಕಿದಳು.
"ನಮಗ ಯಾರೂ ಲೆಕ್ಕ ತೋರಿಸಲಿಲ್ಲ ನೋಡು.
ತೋರಿಸಿದ್ರ ನಾವೂ ಹೂಂ ಅಂತಿದ್ವಿ."

ಈಗ ಮೂರನೇ ಸೆಮಿಸ್ಟರು. ಹಳೆಯ ಪುಸ್ತಕ ತೆರೆದರೆ
ತಾನಾಗಿ ನೂರಾ ಹನ್ನೆರಡಕ್ಕೇ ಬೀಳುತ್ತದೆ;
ತಲೆಕೆಳಗಾದ ಬೇವು ಇನ್ನೂ ಚೆಂದವೇ ಕಾಣುತ್ತದೆ.

ಬೆಳಿಗ್ಗೆ ಕಾಟಾ ತೆರೆಯುವ ಮುನ್ನ, ಹಲಗೆಯ ಮೇಲೆ ಏನೂ ಇಲ್ಲದಾಗ
ಸೊನ್ನೆ ತೋರಿಸುತ್ತದೋ ಎಂದು ನೋಡಬೇಕು.
ಇವತ್ತು ಇಪ್ಪತ್ತು ಕಿಲೋ ತೋರಿಸಿತು.
ಮಣ್ಣು ಗುಡಿಸಿದೆ, ಮತ್ತೆ ನೋಡಿದೆ. ಇಪ್ಪತ್ತೇ.
ಹೊರಗೆ ಜಿಲಾನಿಯ ಹಾರ್ನು.
ಗುಂಡಿ ಒತ್ತಿ ಸೊನ್ನೆ ಮಾಡಿ
ಗಾಡಿ ಹತ್ತಿಸು ಅಂದೆ.